ಕಾರಿನ ಮುಂಭಾಗದ ಕಿರುಗುಟ್ಟುವ ಸದ್ದು: ಮೂಲವನ್ನು ಹುಡುಕುವ ಬಗೆ

ಪ್ರತಿವರ್ಷ ಮಳೆಗಾಲ ಮುಗಿಯುತ್ತ ಬಂದಂತೆ ಕಾಮೋಠೆ, ಕಳಂಬೋಳಿ, ಖಾರ್‌ಘರ್, ಪನ್ವೇಲ್ ಪರಿಸರದ ನಮ್ಮ ಕನ್ನಡ ಕುಟುಂಬಗಳ ಮಾತುಕತೆಯಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಸೊಸೈಟಿಯ ಗೇಟಿನ ಬಳಿಯ ಉಬ್ಬನ್ನು ದಾಟುವಾಗ ಕಾರಿನ ಮುಂಭಾಗದಿಂದ ಹಳೆಯ ಬಾಗಿಲು ತೆರೆದಂತೆ "ಕಿರ್ರ್" ಎಂಬ ಸದ್ದು ಬರುತ್ತದೆ. ಗ್ಯಾರೇಜಿನವನು ಒಂದು ಸಲ ಒಂದು ಭಾಗವನ್ನು ಬದಲಾಯಿಸಿದ, ಇನ್ನೊಂದು ಸಲ ಇನ್ನೊಂದನ್ನು ಬದಲಾಯಿಸಿದ, ಹಣ ಹೋಯಿತು, ಸದ್ದು ಉಳಿಯಿತು ಎಂಬುದು ಆ ದೂರಿನ ಸಾರಾಂಶ. ಇದರ ಬೆನ್ನಲ್ಲೇ ದೀಪಾವಳಿ ಬರುತ್ತದೆ, ಊರಿಗೆ ಹೊರಡುವ ಸಿದ್ಧತೆ ನಡೆಯುತ್ತದೆ. ಪನ್ವೇಲಿನಿಂದ ಆರಂಭವಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಶೇಡಿ, ಪರಶುರಾಮ ಘಾಟಿಗಳ ಮಾರ್ಗವಾಗಿ ಉಡುಪಿ, ಮಂಗಳೂರಿನತ್ತ ಸಾಗುವವರಿಗೆ 800 ಕಿ.ಮೀ.ಗೂ ಮಿಕ್ಕಿದ ದಾರಿ. ಪುಣೆ, ಸಾತಾರಾ, ಕೊಲ್ಹಾಪುರಗಳ ಮೂಲಕ ಬೆಳಗಾವಿ, ಹುಬ್ಬಳ್ಳಿಯ ಕಡೆ ಹೋಗುವವರಿಗೆ ಖಂಡಾಳ ಮತ್ತು ಖಂಬಾಟ್ಕಿಯ ಏರಿಳಿತಗಳು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಇಂತಹ ದಾರಿಗಿಳಿಯುವ ಮುನ್ನ ಆ ಸದ್ದು ಕೇವಲ ಕಿವಿಗೆ ಕಿರಿಕಿರಿಯೋ ಅಥವಾ ಜೀವಕ್ಕೆ ಎಚ್ಚರಿಕೆಯೋ ಎಂಬುದನ್ನು ತಿಳಿಯುವುದು ಅಗತ್ಯ.

ಸದ್ದಿನ ಮೂಲವನ್ನು ಹುಡುಕುವ ಕೆಲಸ ವೈದ್ಯರು ರೋಗವನ್ನು ಗುರುತಿಸುವ ಕ್ರಮಕ್ಕೆ ಸಮೀಪವಾದುದು. ಮೊದಲು ಲಕ್ಷಣ, ಆಮೇಲೆ ಪರೀಕ್ಷೆ, ಕೊನೆಯಲ್ಲಿ ಚಿಕಿತ್ಸೆ. ಈ ಕ್ರಮ ತಲೆಕೆಳಗಾದಾಗಲೇ ಹಣ ಪೋಲಾಗುವುದು. ಉಪಕರಣಗಳೇನೂ ಇಲ್ಲದೆ ನಾವು ಮನೆಯ ಬಳಿಯಲ್ಲೇ ಮಾಡಬಹುದಾದ ಪರೀಕ್ಷೆಗಳು ಯಾವುವು, ಗ್ಯಾರೇಜಿಗೆ ಬಿಡಬೇಕಾದವು ಯಾವುವು ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ನೋಡೋಣ.

ಕೀಲೆಣ್ಣೆಯ ಕಾಲದಿಂದ ರಬ್ಬರಿನ ಕಾಲಕ್ಕೆ

ನಮ್ಮ ಹಿರಿಯರು ಎತ್ತಿನ ಗಾಡಿಯ ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಹಾಕುತ್ತಿದ್ದರು, ಸದ್ದು ನಿಲ್ಲುತ್ತಿತ್ತು. ಬಾವಿಯ ರಾಟೆಗೂ ಮನೆಯ ತೂಗುಯ್ಯಾಲೆಯ ಕೊಂಡಿಗೂ ಅದೇ ಮದ್ದು. ಮುಂಬಯಿಯ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ, ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಕಾಲದಲ್ಲಿಯೂ ಈ ಮದ್ದು ನಡೆಯುತ್ತಿತ್ತು. ಆ ಕಾರುಗಳ ಮುಂಭಾಗದ ಕೀಲುಗಳಿಗೆ ಗ್ರೀಸ್ ತುಂಬಲೆಂದೇ ನಿಪ್ಪಲುಗಳಿದ್ದವು. ಸರ್ವಿಸಿಂಗ್ ಎಂದರೆ ಗ್ರೀಸ್ ಗನ್ನಿನಿಂದ ಅವುಗಳಿಗೆ ಹೊಸ ಗ್ರೀಸನ್ನು ತುಂಬಿ ಹಳೆಯದನ್ನು ಹೊರದೂಡುವುದೇ ಆಗಿತ್ತು. ಆ ಕಪ್ಪು-ಹಳದಿ ಪದ್ಮಿನಿಗಳಲ್ಲಿ ಕೊನೆಯವು 2023ರ ಅಕ್ಟೋಬರದಲ್ಲಿ ಮುಂಬಯಿಯ ರಸ್ತೆಗಳಿಂದ ನಿವೃತ್ತವಾದವು.

ಇಂದು ನಮ್ಮಲ್ಲಿ ಬಹುತೇಕ ಕಾರುಗಳ ಮುಂಭಾಗದಲ್ಲಿರುವುದು "ಮ್ಯಾಕ್‌ಫರ್ಸನ್ ಸ್ಟ್ರಟ್" ಎಂಬ ರಚನೆ. ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ಇದನ್ನು ರೂಪಿಸಿದರು. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಫೋರ್ಡ್ ಕಾರುಗಳ ಮೂಲಕ ಅದು ಪ್ರಚಾರಕ್ಕೆ ಬಂದಿತು. 1983ರ ಡಿಸೆಂಬರದಲ್ಲಿ ರಸ್ತೆಗಿಳಿದ ಮಾರುತಿ 800ರ ಮೂಲಕ ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಿಗೂ ಇದು ಪರಿಚಿತವಾಯಿತು. ಇದರ ವೈಶಿಷ್ಟ್ಯವೆಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ ಸೇರಿಕೊಂಡಿರುವುದು. ಜಾಗ ಕಡಿಮೆ ಸಾಕು, ಭಾಗಗಳೂ ಕಡಿಮೆ, ಬೆಲೆಯೂ ಕಡಿಮೆ. ಆದ್ದರಿಂದಲೇ ಅದು ಸಣ್ಣ ಕಾರುಗಳಿಗೆ ಒಪ್ಪಿತು.

ಈ ರಚನೆಯಲ್ಲಿ ಲೋಹವು ಲೋಹಕ್ಕೆ ತಾಗುವ ಎಡೆಗಳು ಬಹಳ ಕಡಿಮೆ. ಅವುಗಳ ನಡುವೆ ರಬ್ಬರ್ ಬುಶ್‌ಗಳಿರುತ್ತವೆ. ಲೋಹದ ಕೀಲುಗಳಿರುವಲ್ಲಿಯೂ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ರಬ್ಬರಿನ ಟೊಪ್ಪಿಗೆಯಿಂದ ಶಾಶ್ವತವಾಗಿ ಮುಚ್ಚಿಬಿಟ್ಟಿರುತ್ತಾರೆ. ನಿಪ್ಪಲೂ ಇಲ್ಲ, ಗ್ರೀಸ್ ಗನ್ನಿಗೆ ಕೆಲಸವೂ ಇಲ್ಲ. ಹಾಗಾಗಿ ಕೀಲೆಣ್ಣೆಯ ಕಾಲದ ನಂಬಿಕೆಯನ್ನು ಇಂದಿನ ಕಾರಿಗೆ ಅನ್ವಯಿಸಿ ಎಲ್ಲೆಂದರಲ್ಲಿ ಎಣ್ಣೆ ಸಿಂಪಡಿಸಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು. ಈ ವಿಷಯಕ್ಕೆ ಮುಂದೆ ಮರಳಿ ಬರುತ್ತೇವೆ.

ಯಾವ ಭಾಗಗಳು ಮಾತನಾಡುತ್ತವೆ?

ಬಾನೆಟ್ ತೆರೆದರೆ ಎಡಬಲಗಳಲ್ಲಿ, ಗಾಜಿನ ಕಡೆಗೆ, ಎರಡು ದುಂಡನೆಯ ಉಬ್ಬುಗಳು ಕಾಣುತ್ತವೆ. ಸ್ಟ್ರಟ್ಟಿನ ಮೇಲ್ತುದಿ ದೇಹಕ್ಕೆ ಸೇರುವ ಸ್ಥಳವದು. ಅಲ್ಲಿ ಒಂದು ರಬ್ಬರ್ ಮೌಂಟ್ ಹಾಗೂ ಒಂದು ಬೇರಿಂಗ್ ಇರುತ್ತವೆ. ನಾವು ಸ್ಟಿಯರಿಂಗ್ ತಿರುಗಿಸಿದಾಗ ಇಡೀ ಕಂಬವೇ ತಿರುಗಬೇಕಾಗುವುದರಿಂದ ಈ ಬೇರಿಂಗ್ ಬೇಕು.

ಚಕ್ರದ ಕೆಳಗಡೆ ಅಡ್ಡಲಾಗಿ ಚಾಚಿಕೊಂಡಿರುವುದು ಲೋವರ್ ಆರ್ಮ್. ಅದರ ಒಳತುದಿಯು ಎರಡು ರಬ್ಬರ್ ಬುಶ್‌ಗಳ ಮೂಲಕ ಕಾರಿನ ಚೌಕಟ್ಟಿಗೆ ಸೇರಿರುತ್ತದೆ. ಹೊರತುದಿಯಲ್ಲಿ ಬಾಲ್ ಜಾಯಿಂಟ್ ಇರುತ್ತದೆ. ನಮ್ಮ ಭುಜದ ಕೀಲಿನಂತೆ ಗುಂಡು ಮತ್ತು ಬಟ್ಟಲಿನ ಆಕಾರದ ಈ ಜಾಯಿಂಟ್ ಚಕ್ರವನ್ನು ಮೇಲೆ-ಕೆಳಗೆ ಆಡಲೂ ಎಡ-ಬಲಕ್ಕೆ ತಿರುಗಲೂ ಬಿಡುತ್ತದೆ. ಸ್ಟಿಯರಿಂಗ್ ರ‍್ಯಾಕಿನಿಂದ ಚಕ್ರಕ್ಕೆ ಹೋಗುವ ಸಲಾಕೆಯ ತುದಿಯಲ್ಲಿರುವ ಟೈ ರಾಡ್ ಎಂಡ್ ಸಹ ಇಂತಹುದೇ ಒಂದು ಚಿಕ್ಕ ಕೀಲು.

ಇನ್ನು ಉಳಿದದ್ದು ಸ್ಟೆಬಿಲೈಸರ್ ಬಾರ್. ತಿರುವುಗಳಲ್ಲಿ ಕಾರು ಒಂದು ಪಕ್ಕಕ್ಕೆ ವಾಲದಂತೆ ತಡೆಯುವ ಈ ಉಕ್ಕಿನ ಸಲಾಕೆಯು ಎರಡು ರಬ್ಬರ್ ಬುಶ್‌ಗಳ ಹಿಡಿತದಲ್ಲಿ ಮಲಗಿದ್ದು, ತುದಿಗಳಲ್ಲಿ ಲಿಂಕ್ ರಾಡ್‌ಗಳ ಮೂಲಕ ಎರಡೂ ಪಕ್ಕಗಳ ಸ್ಟ್ರಟ್ ಅಥವಾ ಲೋವರ್ ಆರ್ಮಿಗೆ ಸೇರಿರುತ್ತದೆ. ಕೆಲವು ಅಗ್ಗದ ಮಾದರಿಗಳಲ್ಲಿ ಇದು ಇರುವುದಿಲ್ಲ. ಇಷ್ಟು ಭಾಗಗಳ ಪರಿಚಯವಿದ್ದರೆ ಗ್ಯಾರೇಜಿನವರ ಮಾತು ನಮಗೆ ಒಗಟಾಗುವುದಿಲ್ಲ.

ಕಿರುಗುಟ್ಟುವುದೇಕೆ?

ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರುವಾಗ ಮೊದಲು ಅಂಟಿಕೊಂಡಿರುತ್ತವೆ. ಒತ್ತಡ ಹೆಚ್ಚಿದಾಗ ಥಟ್ಟನೆ ಜಾರುತ್ತವೆ, ಒತ್ತಡ ಇಳಿದೊಡನೆ ಮತ್ತೆ ಅಂಟಿಕೊಳ್ಳುತ್ತವೆ. ಈ ಅಂಟು-ಜಾರಾಟ ಸೆಕೆಂಡಿಗೆ ನೂರಾರು ಸಲ ನಡೆದರೆ ಕಂಪನ ಹುಟ್ಟಿ ನಮ್ಮ ಕಿವಿಗೆ ಸದ್ದಾಗಿ ಕೇಳಿಸುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗ ನಾದ ಹುಟ್ಟುವುದೂ ಇದೇ ತತ್ತ್ವದಿಂದ. ಅಲ್ಲಿ ಅದು ಸಂಗೀತ, ಇಲ್ಲಿ ಸಂಕಟ.

ಆದ್ದರಿಂದ ಕಿರುಗುಟ್ಟುವ ಸದ್ದಿಗೂ "ಕಟ್ ಕಟ್" ಎಂದು ಬಡಿಯುವ ಸದ್ದಿಗೂ ವ್ಯತ್ಯಾಸವಿದೆ. ಕಿರುಗುಟ್ಟುವಿಕೆ ಎಂದರೆ ಒಣಗಿದ ಇಲ್ಲವೆ ತುಕ್ಕು ಹಿಡಿದ ಮೇಲ್ಮೈಗಳ ಉಜ್ಜಾಟ. ಬಡಿತವೆಂದರೆ ಎರಡು ಭಾಗಗಳ ನಡುವೆ ಸಡಿಲ ಉಂಟಾಗಿದೆ ಎಂದರ್ಥ. ಒಣಗಿದ ಕೀಲು ಸವೆದು ಸಡಿಲವಾಗುತ್ತದೆಯಾದ್ದರಿಂದ ಇಂದಿನ ಕಿರುಗುಟ್ಟುವಿಕೆ ನಾಳಿನ ಬಡಿತವಾಗಬಹುದು. ಸದ್ದನ್ನು ಮೊದಲ ಹಂತದಲ್ಲೇ ವಿಚಾರಿಸಬೇಕಾದ ಕಾರಣ ಇದುವೇ.

ನಮ್ಮ ಪರಿಸರ ಈ ಒಣಗುವಿಕೆಗೂ ತುಕ್ಕಿಗೂ ಹೇಳಿಮಾಡಿಸಿದಂತಿದೆ. ಸಿಡ್ಕೊ ನಿರ್ಮಿಸಿದ, 2016ರಿಂದ ಪನ್ವೇಲ್ ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿದ ಕಾಮೋಠೆ ಪನ್ವೇಲ್ ಖಾಡಿಗೆ ಸಮೀಪದಲ್ಲಿದೆ. ಖಾಡಿಯ ಉಪ್ಪು ತೇವ, ಜೂನ್‌ನಿಂದ ಸೆಪ್ಟೆಂಬರದವರೆಗಿನ ಜಡಿಮಳೆ, ರಸ್ತೆಯ ಮೇಲೆ ನಿಂತ ಕೆಸರು ನೀರು, ಆಮೇಲೆ ಅದೇ ಕೆಸರು ಒಣಗಿ ಧೂಳಾಗುವ ಬಿಸಿಲು ಇವೆಲ್ಲ ಸೇರಿ ರಬ್ಬರನ್ನು ಗಡುಸಾಗಿಸುತ್ತವೆ. ಟೊಪ್ಪಿಗೆಯಲ್ಲಿ ಚಿಕ್ಕ ಬಿರುಕಿದ್ದರೂ ಅದರ ಮೂಲಕ ನೀರು ಮತ್ತು ಮರಳು ಒಳಹೋಗಿ ಬಾಲ್ ಜಾಯಿಂಟಿನ ಗ್ರೀಸನ್ನು ಕೆಡಿಸುತ್ತವೆ. ಇದರ ಮೇಲೆ ಸಯನ್-ಪನ್ವೇಲ್ ಹೆದ್ದಾರಿಯ ದಿನನಿತ್ಯದ ಓಡಾಟ, ಒಳರಸ್ತೆಗಳ ಹೊಂಡಗಳು, ಎದ್ದುನಿಂತ ಪೇವರ್ ಬ್ಲಾಕ್‌ಗಳು. ಎಂ.ಎಚ್. 46 ಎಂಬ ಫಲಕ ಹೊತ್ತ ನಮ್ಮ ಕಾರುಗಳ ಪಾಡು ಓದುಗರಿಗೆ ತಿಳಿದೇ ಇದೆ.

ಮೊದಲ ಹೆಜ್ಜೆ: ಸದ್ದಿನ ದಿನಚರಿ

ಗ್ಯಾರೇಜಿಗೆ ಹೋಗಿ "ಸಾಮ್ನೇಸೇ ಆವಾಜ್ ಆತಾ ಹೈ" ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಊಹೆಯನ್ನೇ ನೆಚ್ಚಬೇಕಾಗುತ್ತದೆ. ಅದಕ್ಕೆ ಬದಲಾಗಿ ಮೂರು-ನಾಲ್ಕು ದಿನ ಸದ್ದನ್ನು ಗಮನಿಸಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳೋಣ. ಗಮನಿಸಬೇಕಾದ ಪ್ರಶ್ನೆಗಳು ಐದು.

ಒಂದು, ಕಾರು ನಿಂತಿರುವಾಗಲೇ ಸ್ಟಿಯರಿಂಗ್ ತಿರುಗಿಸಿದರೆ ಸದ್ದು ಬರುತ್ತದೆಯೇ? ಎರಡು, ಸ್ಟಿಯರಿಂಗ್ ನೇರವಾಗಿರುವಾಗ ಉಬ್ಬನ್ನು ನಿಧಾನವಾಗಿ ಹತ್ತಿಳಿದರೆ ಬರುತ್ತದೆಯೇ? ಮೂರು, ಎರಡೂ ಚಕ್ರ ಒಟ್ಟಿಗೆ ಉಬ್ಬು ಹತ್ತಿದಾಗ ಬರುವ ಸದ್ದಿಗೂ ಒಂದೇ ಚಕ್ರ ಹೊಂಡಕ್ಕಿಳಿದಾಗ ಬರುವ ಸದ್ದಿಗೂ ವ್ಯತ್ಯಾಸವಿದೆಯೇ? ನಾಲ್ಕು, ಬ್ರೇಕ್ ಒತ್ತಿದಾಗ ಅಥವಾ ಬಿಟ್ಟಾಗ ಕೇಳಿಸುತ್ತದೆಯೇ? ಐದು, ಬೆಳಗಿನ ಹೊತ್ತು, ಮಳೆ ಬಂದ ಮೇಲೆ ಅಥವಾ ಕಾರು ತೊಳೆದ ಮೇಲೆ ಸದ್ದು ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ?

ಈ ಉತ್ತರಗಳೇ ಅರ್ಧ ರೋಗನಿದಾನ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಸದ್ದು ಬಂದರೆ ಸ್ಟ್ರಟ್ಟಿನ ಮೇಲಿನ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್ ಸಂಶಯಕ್ಕೊಳಗಾಗುತ್ತವೆ. ಸ್ಟಿಯರಿಂಗ್ ನೇರವಾಗಿದ್ದು ಉಬ್ಬಿನ ಮೇಲಷ್ಟೇ ಕಿರುಗುಟ್ಟಿದರೆ ಲೋವರ್ ಆರ್ಮಿನ ಬುಶ್ ಅಥವಾ ಸ್ಟೆಬಿಲೈಸರ್ ಬುಶ್‌ಗಳನ್ನು ನೋಡಬೇಕು. ಒಂದೇ ಚಕ್ರ ಏರಿಳಿದಾಗ ಸದ್ದು ಜೋರಾದರೆ ಸಂಶಯ ಸ್ಟೆಬಿಲೈಸರ್ ಮತ್ತು ಅದರ ಲಿಂಕ್ ರಾಡ್‌ಗಳತ್ತ ವಾಲುತ್ತದೆ; ಏಕೆಂದರೆ ಎರಡು ಪಕ್ಕಗಳ ಎತ್ತರ ಬೇರೆಬೇರೆಯಾದಾಗ ಮಾತ್ರ ಆ ಸಲಾಕೆ ತಿರುಚಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಒಂದು ಸಲ, ಬಿಟ್ಟಾಗ ಇನ್ನೊಂದು ಸಲ ಸದ್ದಾದರೆ ಲೋವರ್ ಆರ್ಮಿನ ಬುಶ್ ಹರಿದಿರಬಹುದು. ನೀರು ತಾಗಿದಾಗ ಸದ್ದು ಮಾಯವಾಗಿ ಒಣಗಿದಾಗ ಮರಳಿದರೆ ಅದು ಬಹುಮಟ್ಟಿಗೆ ರಬ್ಬರಿನದು. ಮಳೆಯಲ್ಲಿ ನಿಲ್ಲಿಸಿದ ಮರುದಿನ ಹೆಚ್ಚಿದರೆ ಕೀಲಿನೊಳಗೆ ನೀರು ಸೇರಿ ತುಕ್ಕು ಹಿಡಿದಿರುವ ಸಂಭವವಿದೆ.

ಎರಡನೆಯ ಹೆಜ್ಜೆ: ಸುಳ್ಳು ಸದ್ದುಗಳನ್ನು ದೂರವಿಡುವುದು

ಸಸ್ಪೆನ್ಶನ್ನಿನ ಮೇಲೆ ಅಪವಾದ ಹೊರಿಸುವ ಮೊದಲು ಬೇರೆ ಸದ್ದುಗಳನ್ನು ಪ್ರತ್ಯೇಕಿಸಬೇಕು. ನಮ್ಮ ಅನೇಕ ಸೊಸೈಟಿಗಳ ಸ್ಟಿಲ್ಟ್ ಪಾರ್ಕಿಂಗಿನಲ್ಲಿ ನುಣುಪಾದ ಟೈಲ್ಸ್ ಅಥವಾ ಬಣ್ಣ ಬಳಿದ ನೆಲವಿದೆ. ಅಲ್ಲಿ ಸ್ಟಿಯರಿಂಗ್ ತಿರುಗಿಸಿದಾಗ ಟೈರು ಉಜ್ಜಿ "ಕೀಚ್" ಎನ್ನುವುದು ಸಹಜ, ಅದು ದೋಷವಲ್ಲ. ಅದೇ ಕಾರನ್ನು ಡಾಂಬರು ರಸ್ತೆಗೆ ತಂದು ತಿರುಗಿಸಿ ನೋಡಿದರೆ ನಿಜ ತಿಳಿಯುತ್ತದೆ.

ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಚಲಿಸುವಾಗ "ಟಕ್ ಟಕ್ ಟಕ್" ಎಂದು ಕ್ರಮವಾಗಿ ಬಡಿದರೆ ಅದು ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೊಯ್ಯುವ ಆಕ್ಸಲ್ಲಿನ ಹೊರಕೀಲಿನ ಸದ್ದು. ವೇಗಕ್ಕೆ ತಕ್ಕಂತೆ ಏರುವ "ಗುಂಯ್" ಎಂಬ ಸದ್ದು ಚಕ್ರದ ಬೇರಿಂಗಿನದು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಎಂಜಿನ್ನಿನ ಕೆಳಗೆ ಸಡಿಲವಾದ ರಕ್ಷಣಾ ಹಲಗೆ, ಡಿಕ್ಕಿಯಲ್ಲಿ ಬಿಗಿಯದೆ ಬಿಟ್ಟ ಜ್ಯಾಕ್ ಇವೂ ಕಿವಿಗೆ ಮೋಸಮಾಡುತ್ತವೆ. ಅಲ್ಲದೆ ಸದ್ದು ಉಕ್ಕಿನ ಚೌಕಟ್ಟಿನ ಮೂಲಕ ಹರಿದು ಬರುವುದರಿಂದ, ಚಾಲಕನ ಕಾಲ ಬಳಿ ಕೇಳಿಸಿದ ಸದ್ದು ನಿಜಕ್ಕೂ ಎಡಗಡೆಯ ಚಕ್ರದ್ದಾಗಿರಬಹುದು. ಕಿವಿಯೊಂದನ್ನೇ ನಂಬಬಾರದೆಂಬುದು ಇಲ್ಲಿನ ಮೊದಲ ಪಾಠ.

ಮೂರನೆಯ ಹೆಜ್ಜೆ: ನಿಂತ ಕಾರಿನ ಪರೀಕ್ಷೆ

ಇದಕ್ಕೆ ಇಬ್ಬರು ಬೇಕು, ಗದ್ದಲವಿಲ್ಲದ ಹೊತ್ತು ಬೇಕು. ಭಾನುವಾರದ ಬೆಳಗು ಒಳ್ಳೆಯದು. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆಯಬೇಕು. ಒಬ್ಬರು ಮುಂಭಾಗದ ಒಂದು ಮೂಲೆಯನ್ನು ಎರಡೂ ಕೈಗಳಿಂದ ಒತ್ತಿ ಬಿಡುತ್ತಿರಲಿ. ತಗಡು ತಗ್ಗದಂತೆ ಅಂಚಿನ ಗಟ್ಟಿ ಭಾಗದ ಮೇಲೆ ಒತ್ತಬೇಕು. ಇನ್ನೊಬ್ಬರು ಚಕ್ರದ ಬಳಿ ಕುಳಿತು ಆಲಿಸಲಿ. ಎಡ-ಬಲ ಎರಡನ್ನೂ ಹೀಗೆ ಹೋಲಿಸಿದರೆ ಸದ್ದು ಯಾವ ಪಕ್ಕದ್ದೆಂಬುದು ಹೆಚ್ಚಾಗಿ ಸ್ಪಷ್ಟವಾಗುತ್ತದೆ. ಒತ್ತಿ ಬಿಟ್ಟಾಗ ಕಾರು ಒಂದು ಸಲ ಮೇಲೆದ್ದು ನಿಲ್ಲಬೇಕು. ಎರಡು-ಮೂರು ಸಲ ತೂಗಾಡಿದರೆ ಶಾಕ್ ಅಬ್ಸಾರ್ಬರ್ ಸೋತಿದೆ.

ಮುಂದಿನದು ಸ್ಟಿಯರಿಂಗಿನ ಪರೀಕ್ಷೆ. ಬಾನೆಟ್ ತೆರೆದು ಸ್ಟ್ರಟ್ಟಿನ ಮೇಲ್ತುದಿಯ ಮೇಲೆ ಅಂಗೈಯನ್ನು ಮೆಲ್ಲಗಿರಿಸಬೇಕು. ಗೇರ್ ನ್ಯೂಟ್ರಲ್ಲಿನಲ್ಲಿ, ಆಟೋಮ್ಯಾಟಿಕ್ ಆದರೆ ಪಾರ್ಕಿನಲ್ಲಿ ಇರಲಿ. ಇನ್ನೊಬ್ಬರು ಒಳಗೆ ಕುಳಿತು ಸ್ಟಿಯರಿಂಗನ್ನು ನಿಧಾನವಾಗಿ ಕೊನೆಯಿಂದ ಕೊನೆಗೆ ತಿರುಗಿಸಲಿ. ಬೇರಿಂಗ್ ಬಿಗಿದುಕೊಂಡಿದ್ದರೆ ಸ್ಪ್ರಿಂಗ್ ಒಮ್ಮೆ ಸುತ್ತಿಕೊಂಡು "ಟಂಗ್" ಎಂದು ಜಿಗಿಯುತ್ತದೆ, ಆ ಜಿಗಿತ ಅಂಗೈಗೆ ತಿಳಿಯುತ್ತದೆ. ಎರಡೂ ಪಕ್ಕ ನೋಡಬೇಕು. ಎಂಜಿನ್ ಚಾಲೂ ಇದ್ದರೆ ಬೆಲ್ಟ್ ಮತ್ತು ಫ್ಯಾನಿನಿಂದ ಕೈ, ಸೆರಗು, ದುಪಟ್ಟಾಗಳನ್ನು ದೂರವಿಡಬೇಕು. ಸ್ಪ್ರಿಂಗಿನ ಸುರುಳಿಗಳ ನಡುವೆ ಎಂದಿಗೂ ಬೆರಳಿಡಕೂಡದು.

ಚಕ್ರವನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಎಂಜಿನ್ ಆರಿಸಿದ ಮೇಲೆ ಟಾರ್ಚಿನ ಬೆಳಕಿನಲ್ಲಿ ಒಳಗೆ ನೋಡಬಹುದು. ಬಾಲ್ ಜಾಯಿಂಟಿನ ಟೊಪ್ಪಿಗೆ ಹರಿದಿದೆಯೇ, ಸುತ್ತ ಗ್ರೀಸ್ ಚೆಲ್ಲಿದೆಯೇ, ಸ್ಟ್ರಟ್ಟಿನ ಮೇಲೆ ಎಣ್ಣೆಯ ಜಿನುಗು ಇದೆಯೇ, ಸ್ಪ್ರಿಂಗಿನ ಕೆಳಗಿನ ಸುತ್ತು ಮುರಿದಿದೆಯೇ ಎಂಬುದನ್ನು ಪರಿಶೀಲಿಸಬೇಕು. ಕೆಳಗಿನ ಬಟ್ಟಲಿನಲ್ಲಿ ಕೆಸರು ತುಂಬಿ ಸ್ಪ್ರಿಂಗಿನ ಬುಡ ತುಕ್ಕು ಹಿಡಿದು ತುಂಡಾಗುವುದು ಕರಾವಳಿಯ ಹವೆಯಲ್ಲಿ ಅಪರೂಪವಲ್ಲ. ಬರಿಯ ಕೆಸರೇ ಉಜ್ಜಿ ಕಿರುಗುಟ್ಟುವುದೂ ಉಂಟು; ಆಗ ನೀರಿನ ಧಾರೆಯಿಂದ ತೊಳೆದರೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ನಾಲ್ಕನೆಯ ಹೆಜ್ಜೆ: ನೀರಿನ ಪರೀಕ್ಷೆ

ರಬ್ಬರಿನ ಸದ್ದನ್ನು ಗುರುತಿಸಲು ನೀರಿಗಿಂತ ಅಗ್ಗವಾದ ಸಾಧನ ಇನ್ನೊಂದಿಲ್ಲ. ಇಸ್ತ್ರಿಗೆ ಬಳಸುವ ಸಿಂಪಡಿಕೆಯ ಬಾಟಲಿಯಲ್ಲಿ ನೀರು ತುಂಬಿ ಒಂದು ಬುಶ್‌ಗೆ ಮಾತ್ರ ಚೆನ್ನಾಗಿ ಸಿಂಪಡಿಸಿ, ಮೊದಲಿನಂತೆ ಕಾರನ್ನು ಒತ್ತಿ ನೋಡಬೇಕು. ಸದ್ದು ನಿಂತರೆ ಅಪರಾಧಿ ಸಿಕ್ಕಿದಂತೆ. ನಿಲ್ಲದಿದ್ದರೆ ಮುಂದಿನ ಬುಶ್. ಎಲ್ಲವನ್ನೂ ಒಟ್ಟಿಗೆ ತೋಯಿಸಿದರೆ ಸದ್ದೇನೋ ನಿಲ್ಲಬಹುದು, ಆದರೆ ಯಾವುದರಿಂದ ಬಂದಿತ್ತೆಂಬುದು ತಿಳಿಯದೆ ಉಳಿಯುತ್ತದೆ. ಒಂದೊಂದಾಗಿ ನೋಡುವ ತಾಳ್ಮೆಯೇ ಈ ಪರೀಕ್ಷೆಯ ಜೀವಾಳ.

ಇಲ್ಲಿಯೇ ಎಣ್ಣೆಯ ಮಾತು ಬರುತ್ತದೆ. ಸರ್ವಿಸಿಂಗ್ ಆದ ಮೇಲೆ ಕಾರಿನ ಅಡಿಭಾಗಕ್ಕೆ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವ ರೂಢಿ ಕೆಲವೆಡೆ ಇಂದಿಗೂ ಇದೆ. ಒಂದೆರಡು ವಾರ ಕಾರು ಮೌನವಾಗುತ್ತದೆ, ಗ್ರಾಹಕ ಸಂತುಷ್ಟನಾಗುತ್ತಾನೆ. ಆದರೆ ಸಸ್ಪೆನ್ಶನ್ನಿನ ಬುಶ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ರಬ್ಬರು ಪೆಟ್ರೋಲಿಯಂ ಎಣ್ಣೆಯನ್ನು ಹೀರಿಕೊಂಡು ಉಬ್ಬುತ್ತದೆ, ಮೆತ್ತಗಾಗಿ ಬಲಗುಂದುತ್ತದೆ. ಧೂಳು ಆ ಎಣ್ಣೆಗೆ ಅಂಟಿ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಸದ್ದಡಗಿಸಲೆಂದು ಹಾಕಿದ ಎಣ್ಣೆಯೇ ಬುಶ್ಶಿನ ಆಯುಷ್ಯವನ್ನು ಕಡಿಮೆಮಾಡುತ್ತದೆ. ರಬ್ಬರಿಗೆ ಏನಾದರೂ ಹಚ್ಚಲೇಬೇಕಿದ್ದರೆ ಸಿಲಿಕೋನ್ ಗ್ರೀಸ್ ಅಥವಾ ಸಿಲಿಕೋನ್ ಸ್ಪ್ರೇ ಸೂಕ್ತ. ಅದೂ ಬ್ರೇಕಿನ ಡಿಸ್ಕ್ ಮತ್ತು ಪ್ಯಾಡುಗಳಿಗೆ ತಾಗದಂತೆ. ಹರಿದ ಬುಶ್‌ಗೆ ಯಾವ ಗ್ರೀಸೂ ಮದ್ದಲ್ಲ.

ಐದನೆಯ ಹೆಜ್ಜೆ: ಗ್ಯಾರೇಜಿಗೆ ಬಿಡಬೇಕಾದ್ದು

ಇದರಿಂದಾಚೆಗಿನದು ಮನೆಯಲ್ಲಿ ಮಾಡುವ ಕೆಲಸವಲ್ಲ. ಜ್ಯಾಕಿನ ಆಧಾರವೊಂದನ್ನೇ ನಂಬಿ ಕಾರಿನ ಕೆಳಗೆ ತೂರಿಕೊಳ್ಳುವುದು ಪ್ರಾಣಾಪಾಯ. ಒತ್ತಿಹಿಡಿದ ಸ್ಪ್ರಿಂಗನ್ನು ಬಿಚ್ಚುವುದಂತೂ ತಕ್ಕ ಉಪಕರಣವಿಲ್ಲದೆ ಮಾಡಲೇಬಾರದ ಕೆಲಸ. ಅದರಲ್ಲಿ ಅಡಗಿರುವ ಬಲ ಅಷ್ಟು ದೊಡ್ಡದು.

ಗ್ಯಾರೇಜಿನಲ್ಲಿ ಕಾರನ್ನು ಎತ್ತಿ ಭದ್ರವಾಗಿ ನಿಲ್ಲಿಸಿದ ಮೇಲೆ ಮೆಕ್ಯಾನಿಕ್ ಚಕ್ರವನ್ನು ಮೇಲೆ-ಕೆಳಗೆ ಹಿಡಿದು, ಅಂದರೆ ಗಡಿಯಾರದ 12 ಮತ್ತು 6ರ ಸ್ಥಾನಗಳಲ್ಲಿ ಹಿಡಿದು ಅಲುಗಿಸುತ್ತಾನೆ. ಆಟ ಕಂಡರೆ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್ ಸವೆದಿದೆ. 3 ಮತ್ತು 9ರ ಸ್ಥಾನಗಳಲ್ಲಿ ಅಲುಗಿಸಿದಾಗ ಮಾತ್ರ ಆಟ ಕಂಡರೆ ಟೈ ರಾಡ್ ಎಂಡ್ ಅಥವಾ ರ‍್ಯಾಕಿನ ಒಳತುದಿ. ಸಲಾಕೆಯಿಂದ ಮೀಟಿ ಲೋವರ್ ಆರ್ಮಿನ ಬುಶ್ ಹರಿದಿದೆಯೇ ಎಂದು ನೋಡಬಹುದು. ಲಿಂಕ್ ರಾಡ್‌ಗಳ ಮೇಲೆ ಸಂಶಯವಿದ್ದರೆ ಅವುಗಳನ್ನು ತಾತ್ಕಾಲಿಕವಾಗಿ ಬಿಚ್ಚಿ ನಿಧಾನವಾಗಿ ಒಂದು ಸುತ್ತು ಓಡಿಸಿದರೆ ಸಾಕು. ಸದ್ದು ಹೋದರೆ ಉತ್ತರ ಸಿಕ್ಕಿತು. ಇವೆಲ್ಲ ಅಲ್ಪ ಸಮಯದ ಪರೀಕ್ಷೆಗಳು. ಇವನ್ನು ಮಾಡದೆಯೇ "ಪೂರಾ ಸೆಟ್ ಬದಲ್ನಾ ಪಡೇಗಾ" ಎಂದವರಿಗೆ ಒಪ್ಪಿಗೆ ಕೊಡುವ ಮುನ್ನ ನಾವು ಒಂದು ಗಳಿಗೆ ಯೋಚಿಸಬೇಕು.

ರಿಪೇರಿಯ ಸಮಯದಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಲೋವರ್ ಆರ್ಮಿನ ಬುಶ್ ಬಹುತೇಕ ಕಾರುಗಳಲ್ಲಿ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಅದರ ರಬ್ಬರ್ ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗಳಿಗೆ ಬೆಸೆದುಕೊಂಡಿರುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರನ್ನು ನೆಲಕ್ಕಿಳಿಸಿದೊಡನೆ ಆ ರಬ್ಬರ್ ಸದಾಕಾಲ ತಿರುಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ಹೊಸ ಬುಶ್ ಹಾಕಿಸಿಯೂ ಕೆಲವೇ ತಿಂಗಳಲ್ಲಿ ಕಿರುಗುಟ್ಟಿ ಹರಿಯಲು ಇದು ಒಂದು ಮುಖ್ಯ ಕಾರಣ. ಸರಿಯಾದ ಕ್ರಮವೆಂದರೆ ಬೋಲ್ಟನ್ನು ಮೊದಲು ಸಡಿಲವಾಗಿ ಕೂರಿಸಿ, ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರ ತಯಾರಕರು ಸೂಚಿಸಿದ ಬಲದಲ್ಲಿ ಬಿಗಿಯುವುದು. "ಗಾಡಿ ನೀಚೇ ಉತಾರ್ ಕೇ ಟೈಟ್ ಕರೋ" ಎಂಬ ಒಂದು ಮಾತು ನಮ್ಮ ಎರಡನೆಯ ಖರ್ಚನ್ನು ಉಳಿಸಬಹುದು.

ಸ್ಟ್ರಟ್, ಸ್ಪ್ರಿಂಗ್‌ಗಳನ್ನು ಎಡ-ಬಲ ಜೋಡಿಯಾಗಿಯೇ ಬದಲಾಯಿಸುವುದು ಒಳ್ಳೆಯದು. ಸ್ಟ್ರಟ್, ಲೋವರ್ ಆರ್ಮ್ ಅಥವಾ ಟೈ ರಾಡ್ ಎಂಡ್ ಬಿಚ್ಚಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪದೆ ಮಾಡಿಸಬೇಕು, ಇಲ್ಲವಾದರೆ ಟೈರು ಒಂದು ಅಂಚಿನಲ್ಲಿ ಸವೆಯುತ್ತದೆ. ಲಿಂಕ್ ರಾಡ್ ಒಂದನ್ನೇ ಬದಲಾಯಿಸಿದರೆ ಅದರ ಅಗತ್ಯವಿಲ್ಲ.

ಯಾವುದು ಕಾಯಬಹುದು, ಯಾವುದು ಕಾಯಲಾಗದು?

ಊರಿಗೆ ಹೊರಡುವ ಕುಟುಂಬಕ್ಕೆ ಮುಖ್ಯವಾದ ಪ್ರಶ್ನೆ ಇದೇ. ಸ್ಟೆಬಿಲೈಸರ್ ಬುಶ್ ಒಣಗಿ ಕಿರುಗುಟ್ಟುವುದು ಕಿರಿಕಿರಿ ಮಾತ್ರ. ಅದು ಮರಳಿ ಬಂದ ಮೇಲೆ ಆಗುವ ಕೆಲಸ. ಸ್ಟ್ರಟ್ಟಿನ ಮೇಲಿನ ಬೇರಿಂಗಿನಲ್ಲಿ ಸದ್ದಷ್ಟೇ ಇದ್ದು ಸ್ಟಿಯರಿಂಗ್ ಹಗುರವಾಗಿ ತಿರುಗುತ್ತಿದ್ದರೆ ಕೆಲವು ದಿನ ಕಾಯಬಹುದು. ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರದೆ ಬಿಗಿಹಿಡಿದರೆ ಕಾಯಬಾರದು.

ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಮುರಿದ ಸ್ಪ್ರಿಂಗ್ ಈ ಮೂರರ ವಿಷಯದಲ್ಲಿ ರಾಜಿಯೇ ಇಲ್ಲ. ಸವೆದ ಬಾಲ್ ಜಾಯಿಂಟ್ ಬಟ್ಟಲಿನಿಂದ ಕಳಚಿಕೊಂಡರೆ ಚಕ್ರವು ಹೊರಕ್ಕೆ ವಾಲಿ ಕಾರಿನ ಮೂಲೆ ನೆಲಕ್ಕೆ ಕುಸಿಯುತ್ತದೆ. ಟೈ ರಾಡ್ ಎಂಡ್ ಕಳಚಿದರೆ ಆ ಚಕ್ರ ಸ್ಟಿಯರಿಂಗಿನ ಮಾತು ಕೇಳುವುದಿಲ್ಲ. ಮುರಿದ ಸ್ಪ್ರಿಂಗಿನ ತುದಿ ಟೈರನ್ನು ಸೀಳಬಹುದು. ಘಾಟಿಯ ತಿರುವಿನಲ್ಲಿ, ಎದುರಿನಿಂದ ಟ್ರಕ್ಕು ಬರುತ್ತಿರುವಾಗ ಇವುಗಳಲ್ಲಿ ಯಾವುದು ಸಂಭವಿಸಿದರೂ ಪರಿಣಾಮ ಊಹಿಸುವಂತಹದೇ. ಕಿರುಗುಟ್ಟುವಿಕೆಯ ಜತೆಗೆ ಸ್ಟಿಯರಿಂಗಿನಲ್ಲಿ ಸಡಿಲ, ಕಾರು ಒಂದು ಕಡೆಗೆ ಎಳೆಯುವುದು, ಒಂದು ಮೂಲೆ ತಗ್ಗಿರುವುದು ಅಥವಾ ಕಟಕಟ ಬಡಿತ ಸೇರಿಕೊಂಡಿದ್ದರೆ ಪ್ರಯಾಣವನ್ನು ಮುಂದೂಡುವುದೇ ವಿವೇಕ. ಬೇಕಿದ್ದರೆ ಆ ಸಲ ಕೊಂಕಣ ರೈಲಿದೆ, ರಾತ್ರಿಯ ಬಸ್ಸಿದೆ.

ವಿದ್ಯುತ್ ಕಾರುಗಳನ್ನು ಕೊಂಡ ಕುಟುಂಬಗಳಿಗೆ ಒಂದು ಮಾತು. ಅವುಗಳ ಮುಂಭಾಗದಲ್ಲಿಯೂ ಹೆಚ್ಚಾಗಿ ಇದೇ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುತ್ತದೆ. ಬ್ಯಾಟರಿಯ ಭಾರದಿಂದ ಬುಶ್ ಮತ್ತು ಕೀಲುಗಳ ಮೇಲಿನ ಹೊರೆ ಹೆಚ್ಚು. ಎಂಜಿನ್ನಿನ ಸದ್ದಿಲ್ಲದ ಕಾರಣ ಚಿಕ್ಕ ಕಿರುಗುಟ್ಟುವಿಕೆಯೂ ಸ್ಪಷ್ಟವಾಗಿ ಕೇಳಿಸುತ್ತದೆ. ಗಾಬರಿಪಡಬೇಕಾಗಿಲ್ಲ, ಪರೀಕ್ಷೆಯ ಕ್ರಮ ಒಂದೇ.

ಗ್ರಾಹಕರಾಗಿ ನಮ್ಮ ಹಕ್ಕು

ಕಾರನ್ನು ಒಪ್ಪಿಸುವಾಗ ಜಾಬ್ ಕಾರ್ಡಿನಲ್ಲಿ ಸದ್ದಿನ ವಿವರವನ್ನು ನಮ್ಮ ಮಾತಿನಲ್ಲೇ ಬರೆಸಬೇಕು: "ನಿಂತಲ್ಲಿ ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದಾಗ ಎಡ ಚಕ್ರದ ಬಳಿ ಕಿರುಗುಟ್ಟುತ್ತದೆ" ಎಂಬಂತೆ. ಬದಲಾಯಿಸುವ ಪ್ರತಿ ಭಾಗಕ್ಕೂ ಮುಂಚಿತವಾಗಿ ಅಂದಾಜು ಖರ್ಚು ಕೇಳಬೇಕು, ತೆಗೆದ ಹಳೆಯ ಭಾಗವನ್ನು ತೋರಿಸುವಂತೆ ಹೇಳಬೇಕು. ಕಾರು ವಾರಂಟಿಯಲ್ಲಿದ್ದರೆ ಸದ್ದಿನ ದೂರನ್ನು ಅವಧಿ ಮುಗಿಯುವ ಮೊದಲೇ ಲಿಖಿತವಾಗಿ ದಾಖಲಿಸುವುದು ಬಹಳ ಮುಖ್ಯ. ರಬ್ಬರ್ ಬುಶ್‌ಗಳನ್ನು ಸಹಜ ಸವೆತದ ಪಟ್ಟಿಗೆ ಸೇರಿಸಿ ಹೊರಗಿಡುವ ಷರತ್ತುಗಳಿರುವುದರಿಂದ ವಾರಂಟಿ ಪುಸ್ತಿಕೆಯನ್ನು ಓದಿಕೊಂಡು ಹೋಗುವುದು ಲೇಸು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯಲ್ಲಿನ ಲೋಪಕ್ಕೂ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇವೆಲ್ಲಕ್ಕೂ ಆಧಾರವಾಗುವುದು ನಮ್ಮ ಬಳಿಯಿರುವ ಕಾಗದಪತ್ರಗಳೇ.

ಹಾಗೆಂದು ಎಲ್ಲ ಮೆಕ್ಯಾನಿಕರನ್ನೂ ಸಂಶಯದಿಂದ ಕಾಣಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಕಳಂಬೋಳಿ, ಪನ್ವೇಲ್‌ಗಳ ಚಿಕ್ಕ ಗ್ಯಾರೇಜುಗಳಲ್ಲಿ ಕೈ ಮುಟ್ಟಿದೊಡನೆ ದೋಷವನ್ನು ಗುರುತಿಸಬಲ್ಲ ಅನುಭವಿಗಳಿದ್ದಾರೆ. ಅಂತಹವರಿಗೆ ಸರಿಯಾದ ಲಕ್ಷಣವನ್ನು ಹೇಳುವ ಗ್ರಾಹಕ ಸಿಕ್ಕರೆ ಅವರ ಕೆಲಸವೂ ಸುಲಭ, ನಮ್ಮ ಖರ್ಚೂ ಹಗುರ.

ಆದುದರಿಂದ ಹಬ್ಬಕ್ಕೆ ಊರಿಗೆ ಹೊರಡುವವರು ಈ ಪರೀಕ್ಷೆಗಳನ್ನು ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳದೆ ಎರಡು ವಾರ ಮೊದಲೇ ಮುಗಿಸಿಕೊಳ್ಳಬೇಕೆಂದು ನಮ್ಮ ವಿನಂತಿ. ಭಾಗಗಳು ಅಂಗಡಿಯಲ್ಲಿ ಸಿಗಲು ಸಮಯ ಬೇಕು, ರಿಪೇರಿಯಾದ ಕಾರನ್ನು ನಾಲ್ಕು ದಿನ ಸ್ಥಳೀಯವಾಗಿ ಓಡಿಸಿ ನೋಡಲೂ ಸಮಯ ಬೇಕು. ಆಮೇಲೆ ಘಾಟಿ ಇಳಿಯುವಾಗ ಕಾರಿನೊಳಗೆ ಮಕ್ಕಳ ಗಲಾಟೆಯ ಹೊರತು ಬೇರಾವ ಸದ್ದೂ ಕೇಳಿಸದಿರಲಿ.